‘ಬ್ಯಾಡ್‌ಲ್ಯಾಂಡ್ಸ್’: ಹದಿನೈದರ ಹುಡುಗಿ ಹೇಳುವ ಕೊಲೆಗಳ ಕಥೆ

ಹುಡುಗಿಯ ತಂದೆಯನ್ನು ಅವನ ಮನೆಯಲ್ಲೇ ಗುಂಡಿಟ್ಟು ಕೊಂದ ಕಿಟ್, ಹೆಣವನ್ನು ನೆಲಮಾಳಿಗೆಗೆ ಸಾಗಿಸುತ್ತಾನೆ. ಮೇಲೆ ಬರುವಾಗ ಅವನ ಕೈಯಲ್ಲಿ ಬ್ರೆಡ್ ಸುಡುವ ಟೋಸ್ಟರ್ ಇರುತ್ತದೆ. ಕೆಳಗೆ ಸಿಕ್ಕಿತು ಎನ್ನುತ್ತಾನೆ. ಬೆದರಿದ ಮುಖವಿಲ್ಲ, ಬೆವರಿಲ್ಲ, ಹಿನ್ನೆಲೆಯಲ್ಲಿ ಡೋಲು ಬಡಿಯುವುದಿಲ್ಲ. ಮನುಷ್ಯನೊಬ್ಬನನ್ನು ಕೊಂದದ್ದಕ್ಕೂ ಮೂಲೆಯಲ್ಲಿ ಬಿದ್ದಿದ್ದ ವಸ್ತುವೊಂದು ಸಿಕ್ಕಿದ್ದಕ್ಕೂ ಅವನ ಮನಸ್ಸಿನಲ್ಲಿ ಬೇರೆ ಬೇರೆ ಅಳತೆಗಳಿಲ್ಲ. ಕೊಲೆಗಾರರ ಮೇಲಿನ ಎಷ್ಟೋ ಚಿತ್ರಗಳನ್ನು ನೋಡಿದ್ದೇನೆ. ಒಬ್ಬ ಮನುಷ್ಯನಲ್ಲಿ ಏನು ಕಾಣೆಯಾಗಿದೆ ಎಂಬುದನ್ನು ಒಂದೇ ವಸ್ತುವಿನಿಂದ ಇಷ್ಟು ನಿಚ್ಚಳವಾಗಿ ತೋರಿಸಿದ ಇನ್ನೊಂದು ದೃಶ್ಯ ನನಗೆ ನೆನಪಿಲ್ಲ.

ಟೆರೆನ್ಸ್ ಮ್ಯಾಲಿಕ್ ಬರೆದು, ನಿರ್ದೇಶಿಸಿ, ತಾನೇ ನಿರ್ಮಿಸಿದ ಈ ಚಿತ್ರ 1973ರ ಅಕ್ಟೋಬರಿನಲ್ಲಿ ನ್ಯೂಯಾರ್ಕ್ ಚಲನಚಿತ್ರೋತ್ಸವದಲ್ಲಿ ಮೊದಲು ಪ್ರದರ್ಶನ ಕಂಡಿತು. ಅದು ಅವರ ಮೊದಲ ಪೂರ್ಣ ಪ್ರಮಾಣದ ಚಿತ್ರ. 1972ರ ಬೇಸಿಗೆಯಲ್ಲಿ ಕೊಲರಾಡೊದ ಬಯಲುಗಳಲ್ಲಿ ಚಿತ್ರೀಕರಣ ನಡೆದಾಗ ಅವರಿಗೆ ಇನ್ನೂ 28 ವರ್ಷ. ತತ್ತ್ವಶಾಸ್ತ್ರ ಓದಿ, ಅದನ್ನೇ ಪಾಠವನ್ನೂ ಮಾಡಿ, ಆಮೇಲೆ ಸಿನಿಮಾ ಶಾಲೆಗೆ ಸೇರಿದವರು. ಒಟ್ಟು ವೆಚ್ಚ ಸುಮಾರು 3 ಲಕ್ಷ ಡಾಲರ್. ಅದರಲ್ಲಿ ಒಂದು ಪಾಲು ಅವರ ಸ್ವಂತ ಉಳಿತಾಯ, ಉಳಿದದ್ದು ಅವರಿವರಿಂದ ಎತ್ತಿದ ಹಣ. ಹಾಲಿವುಡ್ಡಿನ ಲೆಕ್ಕದಲ್ಲಿ ಅದು ಅಂದಿಗೂ ಬಹಳ ಸಣ್ಣ ಮೊತ್ತ.

ಕಥೆ 1950ರ ದಶಕದ ಕೊನೆಯದು. ದಕ್ಷಿಣ ಡಕೋಟಾದ ಒಂದು ಸಣ್ಣ ಊರಿನಲ್ಲಿ ಕಸದ ಲಾರಿಯ ಮೇಲೆ ಕೆಲಸ ಮಾಡುವ 25ರ ಕಿಟ್ (ಮಾರ್ಟಿನ್ ಶೀನ್), ತಾಯಿ ಇಲ್ಲದ 15ರ ಹಾಲಿಯನ್ನು (ಸಿಸ್ಸಿ ಸ್ಪೇಸೆಕ್) ಅವಳ ಮನೆಯಂಗಳದಲ್ಲಿ ನೋಡುತ್ತಾನೆ. ತಂದೆಗೆ ಈ ಸ್ನೇಹ ಸಮ್ಮತವಲ್ಲ. ಕೊಲೆಯಾಗುತ್ತದೆ, ಮನೆ ಸುಟ್ಟುಹೋಗುತ್ತದೆ, ಇಬ್ಬರೂ ಓಡಿಹೋಗುತ್ತಾರೆ. ಹೊಳೆದಂಡೆಯ ಕಾಡಿನಲ್ಲಿ ಮರದ ಮೇಲೆ ಮನೆ ಕಟ್ಟಿಕೊಂಡು ಕೆಲಕಾಲ ಇರುತ್ತಾರೆ, ಆಮೇಲೆ ಕಾರಿನಲ್ಲಿ ಮಾಂಟಾನದ ಕಡೆಗೆ. ದಾರಿಯುದ್ದಕ್ಕೂ ಹೆಣಗಳು. ಕಥೆಯನ್ನು ಹೇಳಿಬಿಟ್ಟೆ ಎಂದು ಯಾರೂ ಬೇಸರ ಪಡಬೇಕಾಗಿಲ್ಲ. ಮುಂದೇನು ಎಂಬ ಕುತೂಹಲದ ಮೇಲೆ ಈ ಚಿತ್ರ ನಿಂತಿಲ್ಲ. ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದನ್ನು ಹಾಲಿಯೇ ಆರಂಭದಲ್ಲಿ ಹೇಳಿಬಿಡುತ್ತಾಳೆ.

ಆ ಹೇಳುವ ದನಿಯೇ ಈ ಚಿತ್ರದ ಜೀವ. ನಾನು ಚಿತ್ರದುರ್ಗದ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತೇನೆ. ಹಾಲಿಯ ವಯಸ್ಸಿನ ಹುಡುಗಿಯರ ಪ್ರಬಂಧದ ಪುಸ್ತಕಗಳನ್ನು ವರ್ಷವಿಡೀ ತಿದ್ದುವವಳು. ಹಾಲಿ ಮಾತು ಆರಂಭಿಸಿದ ಕೂಡಲೇ ನನಗೆ ಆ ಬರವಣಿಗೆಯ ಗುರುತು ಸಿಕ್ಕಿತು. ಅವಳ ವಾಕ್ಯಗಳು ಅವಳವಲ್ಲ. ಪ್ರೇಮಕಥೆಗಳ ಪತ್ರಿಕೆಗಳಿಂದ, ಚಿತ್ರನಟರ ಸುದ್ದಿಗಳಿಂದ ಆಯ್ದು ತಂದ ವಾಕ್ಯಗಳು. ‘ಈ ಶಾಂತವಾದ ಊರಿನ ಓಣಿಗಳಲ್ಲಿ ಆರಂಭವಾದದ್ದು ಎಲ್ಲಿ ಕೊನೆಗೊಳ್ಳುತ್ತದೆಂದು ನಾನು ಬಲ್ಲೆನೇ’ ಎಂಬ ಧಾಟಿ. ತಂದೆ ಸತ್ತದ್ದನ್ನೂ, ಕಾಡಿನಲ್ಲಿ ಬೆಳಗಾದದ್ದನ್ನೂ, ಬಹುಮಾನದ ಆಸೆಗೆ ಇವರನ್ನು ಬೆನ್ನಟ್ಟಿ ಬಂದ ಮೂವರು ಬೇಟೆಗಾರರು ಗುಂಡೇಟಿಗೆ ಉರುಳಿದ್ದನ್ನೂ ಅವಳು ಇದೇ ಧಾಟಿಯಲ್ಲಿ, ಇದೇ ತೂಕದಲ್ಲಿ ಹೇಳುತ್ತಾಳೆ. ತೆರೆಯ ಮೇಲೆ ರಕ್ತ ಹರಿಯುತ್ತಿರುತ್ತದೆ, ದನಿ ಮಾತ್ರ ದಿನಚರಿ ಬರೆಯುತ್ತಿರುತ್ತದೆ.

ಇದನ್ನು ಭಾವಹೀನತೆ ಎಂದು ಕರೆದು ಮುಂದೆ ಹೋಗುವವರಿದ್ದಾರೆ. ನನ್ನ ಅನುಭವ ಬೇರೆ ಹೇಳುತ್ತದೆ. ‘ನನ್ನ ಮನೆ’ ಎಂಬ ವಿಷಯ ಕೊಟ್ಟರೆ ಮನೆಯಲ್ಲಿ ದಿನವೂ ಹೊಡೆತ ಕಾಣುವ ಹುಡುಗಿಯೂ ‘ನನ್ನ ಮನೆಯೇ ಸ್ವರ್ಗ, ತಂದೆತಾಯಿಯೇ ದೇವರು’ ಎಂದು ಬರೆಯುತ್ತಾಳೆ. ಸುಳ್ಳು ಹೇಳಬೇಕೆಂದು ಬರೆಯುವುದಿಲ್ಲ. ತನಗೆ ಆದದ್ದನ್ನು ಹೇಳುವುದಕ್ಕೆ ಅವಳ ಬಳಿ ಬೇರೆ ವಾಕ್ಯವೇ ಇರುವುದಿಲ್ಲ. ಪಠ್ಯಪುಸ್ತಕ ಕೊಟ್ಟ ವಾಕ್ಯಗಳಿವೆ, ಧಾರಾವಾಹಿ ಕೊಟ್ಟ ವಾಕ್ಯಗಳಿವೆ, ಅವುಗಳಲ್ಲೇ ಏನನ್ನಾದರೂ ತುಂಬಬೇಕು. ಹಾಲಿಗೆ ಆಗಿರುವುದೂ ಇದೇ. ಅವಳು ಕಲ್ಲು ಹೃದಯದವಳು ಎಂದು ನನಗೆ ಒಮ್ಮೆಯೂ ಅನ್ನಿಸಲಿಲ್ಲ. ನೋವನ್ನು ನೋವೆಂದು ಹೇಳುವ ಮಾತು ಯಾರೂ ಕಲಿಸದೆ ಬೆಳೆದವಳು. ಮ್ಯಾಲಿಕ್ ಇದನ್ನು ಎಲ್ಲೂ ವಿವರಿಸುವುದಿಲ್ಲ. ಆ ದನಿಯನ್ನೂ ಆ ದೃಶ್ಯವನ್ನೂ ಅಕ್ಕಪಕ್ಕ ಇಟ್ಟು ಸುಮ್ಮನಾಗುತ್ತಾರೆ. ಚಿತ್ರದ ನಿಜವಾದ ಕಥೆ ಅವೆರಡರ ನಡುವಿನ ಅಂತರದಲ್ಲಿದೆ.

ಎರಡು ಕಡೆ ಮಾತ್ರ ಅವಳ ಸ್ವಂತ ಮಾತು ಕೇಳಿಸುತ್ತದೆ. ಕಾಡಿನಲ್ಲಿರುವಾಗ ತಂದೆಯ ಹಳೆಯ ಸ್ಟೀರಿಯೊ ದರ್ಶಕದಲ್ಲಿ ಪ್ರವಾಸದ ಚಿತ್ರಗಳನ್ನು, ಯಾರೋ ಅಪರಿಚಿತರ ಚಿತ್ರಗಳನ್ನು ನೋಡುತ್ತ ಕೂರುತ್ತಾಳೆ. ಕಿಟ್ ನನಗೆ ಸಿಕ್ಕದೇ ಇದ್ದಿದ್ದರೆ ಈ ಗಳಿಗೆಯಲ್ಲಿ ನಾನು ಎಲ್ಲಿರುತ್ತಿದ್ದೆ, ನಾನು ಮದುವೆಯಾಗಲಿರುವ ಗಂಡಸು ಈಗ ಏನು ಮಾಡುತ್ತಿರಬಹುದು ಎಂದು ಯೋಚಿಸುತ್ತಾಳೆ. ಹದಿನೈದು ವರ್ಷದ ಜೀವವೊಂದು ತನಗೊಂದು ಆಯುಸ್ಸಿದೆ, ಅದಕ್ಕೊಂದು ಕೊನೆಯಿದೆ ಎಂಬುದನ್ನು ಮೊದಲ ಬಾರಿಗೆ ಅರಿಯುವ ಕ್ಷಣ ಅದು. ಇನ್ನೊಂದು, ಚಿತ್ರದ ಕೊನೆಯ ಭಾಗದಲ್ಲಿ. ಕಿಟ್ ಹೇಳುವುದನ್ನು ಕೇಳಿಸಿಕೊಳ್ಳುವುದನ್ನೇ ಬಿಟ್ಟು, ಕಾರಿನಲ್ಲಿ ಕುಳಿತು, ನಾಲಿಗೆಯ ತುದಿಯಿಂದ ಅಂಗುಳಿನ ಮೇಲೆ ವಾಕ್ಯಗಳನ್ನು ಬರೆಯುತ್ತಾಳೆ, ಅಲ್ಲಿ ಯಾರೂ ಓದಲಾರರು ಎಂದು. ಈ ಮಾತು ಬಂದಾಗ ನಾನು ಚಿತ್ರವನ್ನು ನಿಲ್ಲಿಸಿ ಎದ್ದುಹೋಗಿ ನೀರು ಕುಡಿದು ಬಂದೆ. ತರಗತಿಯ ಕೊನೆಯ ಬೆಂಚಿನಲ್ಲಿ ತುಟಿ ಬಿಗಿದು ಕೂರುವ ಮಕ್ಕಳನ್ನು ನೋಡಿದ ಯಾರಿಗೇ ಆದರೂ ಇದು ತಾಗುತ್ತದೆ.

ಹಾಲಿಯ ತಂದೆ (ವಾರೆನ್ ಓಟ್ಸ್) ಬೋರ್ಡ್ ಬರೆಯುವವನು. ನನ್ನ ತಂದೆಯ ಕೆಲಸವೂ ಅದೇ ಆಗಿತ್ತು. ದಾವಣಗೆರೆಯ ಪಿ.ಬಿ. ರಸ್ತೆಯ ಗ್ಯಾರೇಜುಗಳಿಗೆ, ಮಂಡಿಪೇಟೆಯ ಅಂಗಡಿಗಳಿಗೆ, ಲಾರಿಗಳ ನೆತ್ತಿಗೆ ಅವರು ಎನಾಮಲ್ ಬಣ್ಣದಲ್ಲಿ ಹೆಸರು ಬರೆಯುತ್ತಿದ್ದರು. ಆದ್ದರಿಂದ ಬಟ್ಟಬಯಲಿನ ನಡುವೆ ಎದ್ದುನಿಂತ ಆ ದೊಡ್ಡ ಫಲಕದ ದೃಶ್ಯವನ್ನು ನಾನು ಬೇರೆಯದೇ ಕಣ್ಣಿನಿಂದ ನೋಡಿದೆ. ಸುತ್ತ ಹುಲ್ಲು ಮತ್ತು ಆಕಾಶ ಬಿಟ್ಟರೆ ಏನೂ ಇಲ್ಲ. ಫಲಕದ ಮೇಲೆ ಮಾತ್ರ ಸಮೃದ್ಧವಾದ ಹೊಲಮನೆ, ಗಾಢ ಬಣ್ಣಗಳು. ಮಗಳನ್ನು ಕೇಳಲು ಬಂದ ಕಿಟ್‌ಗೆ ತಂದೆ ಕೆಲಸ ಮಾಡುತ್ತಲೇ ಉತ್ತರ ಕೊಡುತ್ತಾನೆ. ಕೂಗಾಟವಿಲ್ಲ. ಕುಂಚ ಹಿಡಿದವರು ಗಿರಾಕಿಯೊಡನೆ ಮಾತನಾಡುವ ರೀತಿಯೇ ಹಾಗೆ, ಕಣ್ಣು ಅಕ್ಷರದ ಮೇಲೆ, ಮಾತು ಪಕ್ಕಕ್ಕೆ. ಓಟ್ಸ್ ಅದನ್ನು ಎಲ್ಲಿ ಕಲಿತರೋ, ಸರಿಯಾಗಿ ಮಾಡಿದ್ದಾರೆ. ಇದೇ ತಂದೆ ಮಗಳ ಕಳ್ಳ ಓಡಾಟ ತಿಳಿದಾಗ ಶಿಕ್ಷೆಯೆಂದು ಅವಳ ನಾಯಿಯನ್ನು ಗುಂಡಿಟ್ಟು ಕೊಂದವನು. ಮಗಳನ್ನು ಕಾಪಾಡಬೇಕೆಂಬ ಕಾಳಜಿಯೂ ಆ ಕ್ರೌರ್ಯವೂ ಒಬ್ಬನಲ್ಲೇ ಇರುವುದನ್ನು ಚಿತ್ರ ಮುಚ್ಚಿಡುವುದಿಲ್ಲ. ಗುಂಡು ಹಾರಿಸಿ ವಿಷಯ ಮುಗಿಸಬಹುದೆಂಬ ಪಾಠ ಆ ಮನೆಯಲ್ಲಿ ಕಿಟ್ ಗುಂಡು ಹಾರಿಸುವ ಮೊದಲೇ ನಡೆದುಹೋಗಿತ್ತು.

ಕಡಿಮೆ ಹಣದ ಬಗ್ಗೆ ಹೇಳಬೇಕು. ನಮ್ಮ ಕಡೆ ಈಗ ಸಿನಿಮಾದ ಹುಚ್ಚು ಹತ್ತಿದ ಹುಡುಗರು ಬಹಳ. ನನ್ನ ಹಳೆಯ ವಿದ್ಯಾರ್ಥಿಗಳೇ ಬಂದು ಕಿರುಚಿತ್ರ ಮಾಡುತ್ತೇವೆ, ಡ್ರೋನ್ ಬೇಕು, ದೀಪಗಳು ಬೇಕು, ದುಡ್ಡಿಲ್ಲ ಎನ್ನುತ್ತಾರೆ. ಅವರಿಗೆಲ್ಲ ಈ ಚಿತ್ರ ನೋಡಿ ಎಂದು ಒತ್ತಾಯ ಮಾಡುತ್ತಿದ್ದೇನೆ. ಇಲ್ಲಿರುವುದು ಬಯಲು, ಆಕಾಶ, ಒಂದು ಕಾರು, ಇಬ್ಬರು ನಟರು ಮತ್ತು ಸರಿಯಾದ ಹೊತ್ತಿನ ಬಿಸಿಲು. ಚಳ್ಳಕೆರೆ ದಾಟಿ ಕಾವಲಿನ ಹುಲ್ಲುಗಾವಲಿನ ಅಂಚಿಗೆ ಹೋದವರಿಗೆ ಆ ಬೆಳಕು ಗೊತ್ತು. ಇಳಿಹೊತ್ತಿನಲ್ಲಿ ಹುಲ್ಲಿನ ತುದಿಗಳಷ್ಟೇ ಹೊಳೆದು, ನೆಲ ಕಪ್ಪಾಗಿ, ದೂರದಲ್ಲಿ ನಿಂತ ಮನುಷ್ಯ ಕಡ್ಡಿಯಂತೆ ಕಾಣುವ ಹೊತ್ತು. ಮ್ಯಾಲಿಕ್ ಕಾದು ಕುಳಿತು ಅದನ್ನು ಹಿಡಿದಿದ್ದಾರೆ. ಬ್ರಯಾನ್ ಪ್ರೊಬಿನ್, ಟಾಕ್ ಫುಜಿಮೊಟೊ, ಸ್ಟೀವನ್ ಲಾರ್ನರ್ ಎಂದು ಮೂವರು ಛಾಯಾಗ್ರಾಹಕರ ಹೆಸರುಗಳಿವೆ. ಆದರೂ ಒಂದೇ ಕಣ್ಣು ನೋಡಿದಂತಿದೆ.

ಕಲಾ ನಿರ್ದೇಶಕ ಜ್ಯಾಕ್ ಫಿಸ್ಕ್ ಹಾಲಿಯ ಕೋಣೆಯಲ್ಲಿ, ಕ್ಯಾಮೆರಾಕ್ಕೆ ಕಾಣದ ಡ್ರಾಯರುಗಳೊಳಗೂ, ಆ ವಯಸ್ಸಿನ ಹುಡುಗಿಯೊಬ್ಬಳು ಕೂಡಿಡುವ ಸಣ್ಣಪುಟ್ಟ ವಸ್ತುಗಳನ್ನು ತುಂಬಿಟ್ಟಿದ್ದರಂತೆ. ಸ್ಪೇಸೆಕ್ ಇದನ್ನು ಮುಂದೆ ಹೇಳಿಕೊಂಡಿದ್ದಾರೆ. (ಈ ಚಿತ್ರದಲ್ಲಿ ಪರಿಚಯವಾದ ಅವರಿಬ್ಬರೂ 1974ರಲ್ಲಿ ಮದುವೆಯಾದರು.) ಡ್ರಾಯರು ತುಂಬುವುದಕ್ಕೆ ದುಡ್ಡು ಬೇಡ, ಆ ಹುಡುಗಿ ಯಾರೆಂದು ಯೋಚಿಸಿರಬೇಕು ಅಷ್ಟೇ. ಮನೆ ಉರಿಯುವ ದೃಶ್ಯದಲ್ಲಿ ಇದರ ಫಲ ಕಾಣುತ್ತದೆ. ಗೊಂಬೆ, ಹಾಸಿಗೆ, ಪಿಯಾನೊ ಒಂದೊಂದಾಗಿ ಹೊತ್ತಿಕೊಳ್ಳುವಾಗ ಉರಿಯುತ್ತಿರುವುದು ರಂಗಸಜ್ಜಿಕೆ ಎಂದು ಅನ್ನಿಸುವುದಿಲ್ಲ, ಒಂದು ಬಾಲ್ಯವೇ ಸುಡುತ್ತಿದೆ ಎನ್ನಿಸುತ್ತದೆ.

ಸಂಗೀತವೂ ಹೀಗೆಯೇ. ಜರ್ಮನಿಯ ಕಾರ್ಲ್ ಓರ್ಫ್, ಗುನಿಲ್ಡ್ ಕೀಟ್‌ಮನ್ ಅವರ ಜೊತೆ ಸೇರಿ ಶಾಲಾಮಕ್ಕಳಿಗೆ ಸಂಗೀತ ಕಲಿಸಲೆಂದು ರೂಪಿಸಿದ ರಚನೆಗಳನ್ನು ಇಲ್ಲಿ ಬಳಸಿದ್ದಾರೆ. ಮರದ ಪಟ್ಟಿಗಳ ಮೇಲೆ ಮಕ್ಕಳು ಕೋಲಿನಿಂದ ಬಾರಿಸುವ ಹಗುರವಾದ, ಜಿಗಿಯುವ ನಾದ. ಕೊಲೆಗಾರನೊಡನೆ ಓಡಿಹೋಗುವ ಹುಡುಗಿಯ ಹಿಂದೆ ಶಾಲೆಯ ಸಂಗೀತ ನುಡಿಯುತ್ತಿದೆ! ಅವಳು ಇರಬೇಕಾದ ಜಾಗ ಯಾವುದು ಎಂಬುದನ್ನು ಆ ನಾದ ಬಿಡದೆ ನೆನಪಿಸುತ್ತದೆ.

ಚಿತ್ರದುರ್ಗದಲ್ಲಿ ಕುಳಿತು 1972ರಲ್ಲಿ ಚಿತ್ರೀಕರಿಸಿದ, ದಾರಿ ತಪ್ಪಿದ ಯುವಕನೊಬ್ಬನ ಚಿತ್ರ ನೋಡುವಾಗ ‘ನಾಗರಹಾವು’ ನೆನಪಾಗದೆ ಇರುವುದು ಸಾಧ್ಯವಿಲ್ಲ. ಪುಟ್ಟಣ್ಣ ಕಣಗಾಲ್ ನಮ್ಮ ಕೋಟೆಯ ಬಂಡೆಗಳ ನಡುವೆ ರಾಮಾಚಾರಿಯನ್ನು ನಿಲ್ಲಿಸಿದ ಆ ಚಿತ್ರ ತೆರೆಗೆ ಬಂದದ್ದು 1972ರ ಡಿಸೆಂಬರಿನಲ್ಲಿ. ಎರಡೂ ಚಿತ್ರಗಳಿಗೆ ಹೋಲಿಕೆ ಕಟ್ಟಲು ನಾನು ಹೋಗುವುದಿಲ್ಲ, ಧಾತುವೇ ಬೇರೆ. ಆದರೆ ಒಂದು ವ್ಯತ್ಯಾಸ ನನ್ನಂಥವಳ ಕಣ್ಣಿಗೆ ಬೀಳದೆ ಇರದು. ರಾಮಾಚಾರಿಗೆ ಚಾಮಯ್ಯ ಮೇಷ್ಟ್ರು ಇದ್ದರು. ಸರಿಯೋ ತಪ್ಪೋ, ಅವನ ಸಿಟ್ಟನ್ನು ಎದುರು ನಿಂತು ಕೇಳುವ, ಅವನಿಗಾಗಿ ನೋಯುವ ಒಬ್ಬ ಹಿರಿಯ. ಕಿಟ್‌ಗೆ ಅಂಥವರು ಯಾರೂ ಇಲ್ಲ. ಅವನಿಗೆ ಸಿಟ್ಟೂ ಇಲ್ಲ. ಯಾರ ಮೇಲೂ ದ್ವೇಷವಿಲ್ಲದೆ ಕೊಲ್ಲುತ್ತಾನೆ, ಅದೇ ಭಯ ಹುಟ್ಟಿಸುವುದು.

ಜೊತೆಯಲ್ಲಿ ಕಸ ಎತ್ತುತ್ತಿದ್ದ ಕೇಟೊನನ್ನು ಕೊಲ್ಲುವ ಪ್ರಸಂಗ ನೋಡಿ. ಹೊಟ್ಟೆಗೆ ಗುಂಡು ಬಿದ್ದ ಕೇಟೊ ತನ್ನ ಗುಡಿಸಲಿನೊಳಗೆ ನಡೆದು ಬಂದು ಮಲಗುತ್ತಾನೆ. ಹಾಲಿ ಪಕ್ಕದಲ್ಲಿ ಕುಳಿತು, ಸೀಸೆಯಲ್ಲಿ ಅವನು ಸಾಕಿಕೊಂಡಿರುವ ಜೇಡದ ಬಗ್ಗೆ ಕೇಳುತ್ತಾಳೆ, ಕಚ್ಚುತ್ತದೆಯೇ ಎಂದು. ನನಗಂತೂ ಇದುವರೆಗೆ ಕಚ್ಚಿಲ್ಲ ಎನ್ನುತ್ತಾನೆ ಸಾಯುತ್ತಿರುವವನು. ಆಸ್ಪತ್ರೆಗೆ ಒಯ್ಯಬೇಕೆಂದು ಯಾರಿಗೂ ಹೊಳೆಯುವುದಿಲ್ಲ, ಸಾಯುವವನಿಗೂ ಸೇರಿಸಿ. ಅಷ್ಟರಲ್ಲಿ ಅಲ್ಲಿಗೆ ಬರುವ ಯುವಜೋಡಿಯ ಹುಡುಗಿ ನಮಗೇನಾಗುತ್ತದೆ ಎಂದು ಹಾಲಿಯನ್ನು ಕೇಳುತ್ತಾಳೆ. ಕಿಟ್‌ನನ್ನೇ ಕೇಳಬೇಕು, ಅವನು ಜಿಗಿ ಎಂದರೆ ಜಿಗಿಯುವವಳು ನಾನು ಎಂಬರ್ಥದ ಉತ್ತರ ಬರುತ್ತದೆ. ಇಬ್ಬರೂ ಹೆಚ್ಚುಕಡಿಮೆ ಒಂದೇ ವಯಸ್ಸಿನ ಹುಡುಗಿಯರು, ಅಕ್ಕಪಕ್ಕ ಹೊಲದಲ್ಲಿ ನಡೆಯುತ್ತಿದ್ದಾರೆ. ಸ್ವಲ್ಪ ಹೊತ್ತಿನಲ್ಲಿ ಒಬ್ಬಳನ್ನು ಅವಳ ಸಂಗಾತಿಯೊಡನೆ ನೆಲದಡಿಯ ಕೋಣೆಯಲ್ಲಿ ಕೂಡಿ, ಬಾಗಿಲಿನ ಮೂಲಕ ಗುಂಡು ಹಾರಿಸಲಾಗುತ್ತದೆ. ತಗುಲಿತೋ ಇಲ್ಲವೋ ಎಂದು ತೆರೆದು ನೋಡುವಷ್ಟು ಆಸಕ್ತಿಯೂ ಕಿಟ್‌ಗೆ ಇಲ್ಲ.

ಶ್ರೀಮಂತನ ಮನೆಗೆ ನುಗ್ಗಿದಾಗ ಅಲ್ಲಿದ್ದ ಧ್ವನಿಮುದ್ರಣ ಯಂತ್ರದ ಮುಂದೆ ಕುಳಿತು ಇದೇ ಕಿಟ್ ಯುವಜನರಿಗೆ ಹಿತವಚನ ಹೇಳುತ್ತಾನೆ: ತಂದೆತಾಯಿಯ, ಗುರುಗಳ ಮಾತು ಕೇಳಿ, ಅವರನ್ನು ಶತ್ರುಗಳಂತೆ ಕಾಣಬೇಡಿ ಎಂದು. ಹಾಸ್ಯಕ್ಕೆ ಹೇಳುವುದಿಲ್ಲ, ಗಂಭೀರವಾಗಿಯೇ ಹೇಳುತ್ತಾನೆ. ವಾರ್ಷಿಕೋತ್ಸವದ ಭಾಷಣಗಳಲ್ಲಿ ನಾವು ಶಿಕ್ಷಕರು ಹೇಳುವ ಮಾತುಗಳೇ ಅವು. ಒಳ್ಳೆಯ ಮಾತು ಬಾಯಿಗೆ ಬರುವುದಕ್ಕೂ ಒಳಗೆ ಇಳಿಯುವುದಕ್ಕೂ ಸಂಬಂಧವೇ ಇಲ್ಲದೆ ಹೋಗಬಹುದು ಎಂಬುದು ಈ ದೃಶ್ಯದಲ್ಲಿ ನನ್ನನ್ನು ಕಾಡಿತು, ಈಗಲೂ ಕಾಡುತ್ತಿದೆ. ಈ ಮನೆಯ ಬಾಗಿಲಿಗೆ ನಕ್ಷೆ ಹಿಡಿದು ಬರುವ ಅತಿಥಿಯಾಗಿ ಮ್ಯಾಲಿಕ್ ತಾವೇ ಒಂದು ಗಳಿಗೆ ಕಾಣಿಸಿಕೊಂಡಿದ್ದಾರೆ.

ಸಿಕ್ಕಿಬೀಳುವ ಭಾಗವನ್ನು ನಮ್ಮ ರೌಡಿಗಳ ಚಿತ್ರ ಮಾಡುವವರು ನೋಡಬೇಕು. ಕಿಟ್ ತಾನೇ ಕಾರಿನ ಚಕ್ರಕ್ಕೆ ಗುಂಡು ಹಾರಿಸಿ, ಪೊಲೀಸರು ಬರುವುದರೊಳಗೆ, ತಾನು ಸೆರೆಯಾದ ಜಾಗ ಮುಂದೆ ಗುರುತು ಸಿಗಲೆಂದು ಕಲ್ಲುಗಳನ್ನು ಒಟ್ಟುತ್ತಾನೆ. ತನಗೆ ತಾನೇ ಸ್ಮಾರಕ. ಆ ದಶಕದ ಹೆಸರಾಂತ ಚಿತ್ರನಟ ಜೇಮ್ಸ್ ಡೀನ್‌ನಂತೆ ಕಾಣುತ್ತೀಯ ಎಂದು ಪೊಲೀಸನೊಬ್ಬ ಹೇಳಿದಾಗ ಅವನ ಮುಖ ಅರಳುತ್ತದೆ. ಆಮೇಲೆ ಸುತ್ತ ನೆರೆದ ಯೋಧರಿಗೆ ಬಾಚಣಿಗೆ, ಲೈಟರು ಎಂದು ತನ್ನ ವಸ್ತುಗಳನ್ನು ಪ್ರಸಾದದಂತೆ ಹಂಚುತ್ತಾನೆ, ಅವರು ಸಂತೋಷದಿಂದ ತೆಗೆದುಕೊಳ್ಳುತ್ತಾರೆ. ಜಾಮೀನಿನ ಮೇಲೆ ಹೊರಬಂದವರಿಗೆ ಹಾರ ಹಾಕಿ ಮೊಬೈಲಿನಲ್ಲಿ ವಿಡಿಯೊ ಹರಿಬಿಡುವ ಹುಡುಗರನ್ನು ನಾವು ಕಾಣುತ್ತಿದ್ದೇವಲ್ಲ, ಅದರ ಬೇರು ಇಲ್ಲಿದೆ. ಕೊಂದವನಿಗೆ ಹೆಸರು ಬೇಕು, ನೋಡುವವರಿಗೆ ಹೆಸರಾದವನ ಪಕ್ಕ ನಿಲ್ಲಬೇಕು. ಮಾರ್ಟಿನ್ ಶೀನ್ ಆ ಆಸೆಯನ್ನು ಎಷ್ಟು ಮುಗ್ಧವಾಗಿ ತೋರಿಸುತ್ತಾರೆಂದರೆ ನಮಗೂ ಅವನು ಇಷ್ಟವಾಗತೊಡಗುತ್ತಾನೆ. ಹಾಗಾದ ಕೂಡಲೇ ಬಾಗಿಲಿನ ಹಿಂದೆ ಉಳಿದ ಆ ಇಬ್ಬರು ನೆನಪಾಗುತ್ತಾರೆ. ಈ ಅಭಿನಯಕ್ಕೆ 1974ರ ಸಾನ್ ಸೆಬಾಸ್ಟಿಯನ್ ಚಿತ್ರೋತ್ಸವದಲ್ಲಿ ಶೀನ್‌ಗೆ ಶ್ರೇಷ್ಠ ನಟ ಪ್ರಶಸ್ತಿ ಬಂತು, ಚಿತ್ರಕ್ಕೆ ಅಲ್ಲಿನ ಅತ್ಯುನ್ನತ ಪ್ರಶಸ್ತಿಯಾದ ಗೋಲ್ಡನ್ ಶೆಲ್ ಬಂತು.

ಇಷ್ಟೆಲ್ಲ ಮೆಚ್ಚಿದ ಮೇಲೂ ಒಂದು ವಿಷಯದಲ್ಲಿ ನನಗೆ ಈ ಚಿತ್ರದ ಮೇಲೆ ಸಿಟ್ಟಿದೆ. ಇದಕ್ಕೆ ಪ್ರೇರಣೆ ನಿಜವಾದ ಘಟನೆ. 1958ರ ಜನವರಿಯಲ್ಲಿ ನೆಬ್ರಾಸ್ಕಾ ಮತ್ತು ವಯೋಮಿಂಗ್‌ಗಳಲ್ಲಿ 19 ವರ್ಷದ ಚಾರ್ಲ್ಸ್ ಸ್ಟಾರ್ಕ್‌ವೆದರ್, 14 ವರ್ಷದ ಕ್ಯಾರಿಲ್ ಆನ್ ಫ್ಯೂಗೇಟ್‌ಳನ್ನು ಜೊತೆಗಿಟ್ಟುಕೊಂಡು ಹತ್ತು ಜನರನ್ನು ಕೊಂದ. ಅವರಲ್ಲಿ ಆ ಹುಡುಗಿಯ ತಾಯಿ, ಮಲತಂದೆ ಮತ್ತು ಎರಡು ವರ್ಷದ ಪುಟ್ಟ ತಂಗಿ ಸೇರಿದ್ದರು. 1959ರ ಜೂನ್‌ನಲ್ಲಿ ಅವನನ್ನು ವಿದ್ಯುತ್ ಕುರ್ಚಿಯಲ್ಲಿ ಕೊಲ್ಲಲಾಯಿತು. ಹುಡುಗಿಗೆ ಜೀವಾವಧಿ ಶಿಕ್ಷೆಯಾಯಿತು, 1976ರಲ್ಲಿ ಪೆರೋಲ್ ಮೇಲೆ ಹೊರಬಂದಳು. ತಾನು ಅವನ ಸೆರೆಯಾಳಾಗಿದ್ದೆ, ಮನೆಯವರನ್ನು ಕೊಲ್ಲುತ್ತಾನೆಂಬ ಭಯದಲ್ಲಿದ್ದೆ, ಅವರು ಆಗಲೇ ಸತ್ತಿದ್ದು ತಿಳಿದಿರಲಿಲ್ಲ ಎಂದೇ ಅವಳು ಹೇಳುತ್ತ ಬಂದಳು. ಅಂದರೆ ಚಿತ್ರ ತೆರೆಕಂಡಾಗ ಅವಳು ಇನ್ನೂ ಜೈಲಿನಲ್ಲಿದ್ದಳು. ತೆರೆಯ ಮೇಲಿನ ಹಾಲಿ ಮಾತ್ರ ತಾನಾಗಿ ಹೊರಟವಳು, ಕೊನೆಗೆ ಸಣ್ಣ ಶಿಕ್ಷೆಯಲ್ಲಿ ಪಾರಾಗಿ ತನ್ನ ವಕೀಲರ ಮಗನನ್ನೇ ಮದುವೆಯಾಗುವವಳು.

ಹೆಸರು, ಊರು, ವಯಸ್ಸು ಬದಲಾಯಿಸಿದ್ದಾರೆ, ಇದು ಬೇರೆಯೇ ಕಥೆ ಎಂದು ವಾದಿಸಬಹುದು. ಕಲೆಗೆ ಆ ಸ್ವಾತಂತ್ರ್ಯ ಇದೆ, ಒಪ್ಪುತ್ತೇನೆ. ಆದರೆ ದೊಡ್ಡ ಗಂಡಸಿನ ಜೊತೆ ಮನೆ ಬಿಟ್ಟುಹೋದ ಹುಡುಗಿಯನ್ನು ಊರು ‘ಓಡಿಹೋದವಳು’ ಎಂದು ಕರೆದು ವಿಚಾರಣೆ ಮುಗಿಸಿಬಿಡುವುದನ್ನು ನಾನು ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಕಂಡಿದ್ದೇನೆ. ಹತ್ತನೆಯ ತರಗತಿಯ ಹಾಜರಿ ಪುಸ್ತಕದಲ್ಲಿ ಅಂಥ ಹೆಸರಿನ ಮುಂದೆ ಗೆರೆ ಎಳೆದಿದ್ದೇನೆ. ಅವಳು ಹೋದಳೋ, ಅವಳನ್ನು ಒಯ್ದರೋ ಎಂದು ಕೇಳುವವರು ಕಡಿಮೆ. ನಮ್ಮ ಕಾನೂನು ಹದಿನೆಂಟರ ಕೆಳಗಿನವಳ ಒಪ್ಪಿಗೆಯನ್ನು ಒಪ್ಪಿಗೆ ಎಂದು ಎಣಿಸದಿರುವುದಕ್ಕೆ ಕಾರಣವಿದೆ. ಹಾಲಿ ಅವನನ್ನು ಪ್ರೀತಿಸಿದಳು ಎಂದು ಹೇಳುತ್ತಿರುವುದು ಅದೇ ಪತ್ರಿಕೆಯ ವಾಕ್ಯಗಳು ತಾನೇ? ಅವಳ ದನಿಯನ್ನು ನಂಬಬೇಡಿ ಎಂದು ಮ್ಯಾಲಿಕ್ ಸೂಚಿಸುತ್ತಾರೆ ನಿಜ. ಆದರೂ ಅವಳಿಗೆ ಭಯವಿತ್ತೇ ಎಂಬ ಪ್ರಶ್ನೆಗೆ ಚಿತ್ರ ಇನ್ನಷ್ಟು ಜಾಗ ಕೊಡಬೇಕಿತ್ತು.

ಸಣ್ಣ ಕೊರತೆಗಳೂ ಇವೆ. ಶೀನ್ ಆಗಲೇ ಮೂವತ್ತು ದಾಟಿದವರು, ಹತ್ತಿರದ ಚಿತ್ರಿಕೆಗಳಲ್ಲಿ ಅದು ತಿಳಿಯುತ್ತದೆ. ಬೇಟೆಗಾರರ ಜೊತೆಗಿನ ಗುಂಡಿನ ಕಾಳಗ ಅವಸರದಲ್ಲಿ ಮುಗಿಯುತ್ತದೆ.

ನೋಡಬೇಕೆನ್ನುವವರಿಗೆ: ಚಿತ್ರ ಸುಮಾರು 94 ನಿಮಿಷದ್ದು. ಕ್ರೈಟೀರಿಯನ್ ಸಂಸ್ಥೆ 2013ರಲ್ಲಿ ತಂದ ಡಿಸ್ಕಿನಲ್ಲಿ ಬಣ್ಣಗಳು ಶುದ್ಧವಾಗಿವೆ. ದಾವಣಗೆರೆಯಲ್ಲಿ ತಮ್ಮನ ಮನೆಯ ದೊಡ್ಡ ಟಿವಿಯಲ್ಲಿ ನೋಡಿದ ಮೇಲೆ, ಇದನ್ನು ಮೊಬೈಲಿನಲ್ಲಿ ಮಾತ್ರ ನೋಡಬೇಡಿ ಎಂದು ಕೇಳಿಕೊಳ್ಳುತ್ತೇನೆ. ದಿಗಂತದ ಗೆರೆಯೇ ಅಲ್ಲಿ ಕಾಣುವುದಿಲ್ಲ. ಮಕ್ಕಳಿಗೆ ತೋರಿಸುವುದಾದರೆ ಕಾಲೇಜು ಮೆಟ್ಟಿಲು ಹತ್ತಿದವರಿಗೆ ತೋರಿಸಿ, ಜೊತೆಯಲ್ಲಿ ಕುಳಿತು ನೋಡಿ, ಮುಗಿದ ಮೇಲೆ ಮಾತನಾಡಿ. ಕನ್ನಡದ ಅಡಿಬರಹ ಇರಲಿಲ್ಲ, ಇಂಗ್ಲಿಷಿನದನ್ನು ಹಾಕಿಕೊಂಡೆವು. ಹಾಲಿಯ ಟೆಕ್ಸಸ್ ಉಚ್ಚಾರ ಮೊದಲ ಹತ್ತು ನಿಮಿಷ ಕಷ್ಟ, ಆಮೇಲೆ ಕಿವಿಗೆ ಒಗ್ಗುತ್ತದೆ. ಶಬ್ದವನ್ನು ಸ್ವಲ್ಪ ಏರಿಸಿಯೇ ಇಟ್ಟುಕೊಳ್ಳಿ, ಅವಳು ಬಹಳ ಮೆಲ್ಲಗೆ ಮಾತನಾಡುತ್ತಾಳೆ.